ಎರಡು ‘ಸಿ’ಗಳ ಲೆಕ್ಕ ಕೊಟ್ಟ ಮೇಷ್ಟ್ರು

ಫಿಸಿಕ್ಸ್ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ ದಾವಣಗೆರೆಯ ನಮ್ಮ ಬ್ಯಾಚಿನವರೆಲ್ಲ ನೆನೆದದ್ದು ಒಂದೇ ಕ್ಲಾಸನ್ನು. ಬೋರ್ಡಿನ ಮೇಲೆ ‘ಇ = ಎಂಸಿ²’ (ಶಕ್ತಿ = ದ್ರವ್ಯರಾಶಿ × ಬೆಳಕಿನ ವೇಗ ‘ಸಿ’ಯ ವರ್ಗ) ಬರೆದು ಅವರು ಹಾಜರಿ ಪುಸ್ತಕ ತರಲು ಹೋಗಿದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನವರು ವರ್ಗವನ್ನು ಘನ ಮಾಡಿಟ್ಟರು. ಮೇಷ್ಟ್ರು ಬೈಯಲಿಲ್ಲ. “ಯೂನಿಟ್ ಹಾಕಿ ನೋಡ್ರಪ್ಪ” ಅಂದರು. ಕೆ.ಜಿ.ಯನ್ನು ಮೀಟರ್ ವರ್ಗದಿಂದ ಗುಣಿಸಿ ಸೆಕೆಂಡ್ ವರ್ಗದಿಂದ ಭಾಗಿಸಿದರೆ ಶಕ್ತಿಯ ಯೂನಿಟ್ ಆದ ಜೂಲ್. ಘನಕ್ಕೆ ಜೂಲ್ ಬರುವುದಿಲ್ಲ. ಕಳ್ಳರು ಸಿಕ್ಕಿಬಿದ್ದರು. “ಆದ್ರೆ ಮುಂದೆ ಒಂದು ಅರ್ಧ ಸೇರಿಸಿದ್ರೂ ಯೂನಿಟ್ ಸರೀನೇ ಇರ್ತದಲ್ಲ, ಆಗ ಹೆಂಗೆ ಹಿಡೀತೀರಿ?” ಎಂದು ಮೇಷ್ಟ್ರೇ ಕೇಳಿದರು.

ಅದಕ್ಕೆ ಐನ್‌ಸ್ಟೈನ್ 1906ರಲ್ಲಿ ಕೊಟ್ಟ ಡಬ್ಬದ ವಾದ ಬೇಕು. ಉದ್ದ ‘ಎಲ್’, ದ್ರವ್ಯರಾಶಿ ದೊಡ್ಡ ‘ಎಂ’ ಇರುವ ಮುಚ್ಚಿದ ಡಬ್ಬ, ಘರ್ಷಣೆಯಿಲ್ಲದ ನೆಲ. ಎಡಗೋಡೆಯಿಂದ ‘ಇ’ ಶಕ್ತಿಯ ಬೆಳಕು ಬಲಕ್ಕೆ ಹೊರಡುತ್ತದೆ. ಮ್ಯಾಕ್ಸ್‌ವೆಲ್ ಸಿದ್ಧಾಂತದ ಪ್ರಕಾರ ಬೆಳಕಿನ ಸಂವೇಗ (ಮೊಮೆಂಟಂ) ಇ/ಸಿ. ಹಾಗಾಗಿ ಡಬ್ಬ ಇ/(ಎಂಸಿ) ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. ಬೆಳಕು ಬಲಗೋಡೆ ಮುಟ್ಟಲು ಸುಮಾರು ಎಲ್/ಸಿ ಸಮಯ. ಅಷ್ಟರಲ್ಲಿ ಡಬ್ಬ ಸರಿದ ದೂರ ಇಎಲ್/(ಎಂಸಿ²). ಹೊರಗಿನಿಂದ ಯಾರೂ ತಳ್ಳಿಲ್ಲ, ಆದ್ದರಿಂದ ಒಟ್ಟು ದ್ರವ್ಯರಾಶಿ ಕೇಂದ್ರ ಕದಲುವಂತಿಲ್ಲ. ಅಂದರೆ ಬೆಳಕು ಇ/ಸಿ²ದಷ್ಟು ದ್ರವ್ಯರಾಶಿಯನ್ನು ಬಲಕ್ಕೆ ಸಾಗಿಸಿರಲೇಬೇಕು. ಒಂದು ‘ಸಿ’ ಒದೆತದ್ದು, ಇನ್ನೊಂದು ಪ್ರಯಾಣದ ಸಮಯದ್ದು. ಅರ್ಧಕ್ಕೆ ಎಲ್ಲೂ ಜಾಗವಿಲ್ಲ.

ಪಿ.ಬಿ. ರಸ್ತೆಯ ದೋಸೆ ಅಂಗಡಿಯಲ್ಲೂ ತಕರಾರು ಮುಂದುವರಿಯಿತು. ಇಡೀ ಡಬ್ಬ ಒಟ್ಟಿಗೇ ಸರಿಯಬೇಕಾದರೆ, ಎಡಗೋಡೆಗೆ ಬಿದ್ದ ಒದೆತದ ಸುದ್ದಿ ಬೆಳಕಿಗಿಂತ ಮೊದಲೇ ಬಲಗೋಡೆಗೆ ಮುಟ್ಟಿದ್ದು ಹೇಗೆ? ಪ್ರಶ್ನೆ ಎತ್ತಿದ್ದು ನಮ್ಮ ಬ್ಯಾಚಿನವರೇ! ಮೇಷ್ಟ್ರು ಒಪ್ಪಿದರು: ಪೂರ್ತಿ ಗಟ್ಟಿಯಾದ ಡಬ್ಬ ಇರಲು ಸಾಧ್ಯವಿಲ್ಲ. ಮಧ್ಯದ ಭಾಗ ತೆಗೆದು ಎರಡು ಗೋಡೆಗಳನ್ನು ಬಿಡಿಬಿಡಿಯಾಗಿ ಇಟ್ಟು ಲೆಕ್ಕ ಮಾಡಿದರೂ ಅದೇ ಉತ್ತರ.

ಈಗಿನ ಮಕ್ಕಳಿಗೆ ಸೂತ್ರ ಬಾಯಿಪಾಠ, ಡಬ್ಬ ಗೊತ್ತಿಲ್ಲ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸುಮಾರು ಒಂದು ನಿಮಿಷ, ಪಾಪ ಅವರದೇನು ತಪ್ಪು. ಆದರೂ ಗ್ರಾಂ ಅನ್ನು ಕೆ.ಜಿ. ಮಾಡದೆ ಉತ್ತರವನ್ನು ಸಾವಿರಪಟ್ಟು ಉಬ್ಬಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. 1 ಗ್ರಾಂ ಅಂದರೆ 9×10¹³ ಜೂಲ್, ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಎರಡೂವರೆ ಕೋಟಿ ಯೂನಿಟ್.

ಮೇಷ್ಟ್ರು ಕೊಡುತ್ತಿದ್ದ ಮನೆಗೆಲಸ ಇದರ ತಿರುಗುಮುರುಗು: ಒಂದು ಲೀಟರ್ ನೀರು 25ರಿಂದ 100 ಡಿಗ್ರಿಗೆ ಕಾದರೆ ಎಷ್ಟು ಭಾರವಾಗುತ್ತದೆ? ಸೇರುವುದು ಸುಮಾರು 3.1 ಲಕ್ಷ ಜೂಲ್, ಹೆಚ್ಚುವುದು 3.5 ನ್ಯಾನೊಗ್ರಾಂ. ಮುಚ್ಚಳ ಬಿಗಿಯಾಗಿರಬೇಕು, ಚೂರು ಆವಿ ಹೋದರೂ ಲೆಕ್ಕ ಕೆಟ್ಟಿತು ಎನ್ನುವುದನ್ನು ಬರೆಯದವರಿಗೆ ಅರ್ಧ ಅಂಕ ಖೋತಾ.