ಬಲ್ಬ್ ಬದಲಿಸಿದೆ, ಅರ್ತ್ ನೋಡಲಿಲ್ಲ

ಹಿರಿಯೂರಿನ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ, ಹಲವು ವರ್ಷಗಳಿಂದ ನಾನು ಲಾರಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಒಮ್ಮೆ ಚಾಲಕರೊಬ್ಬರು ಬಂದು, ಬಲಗಡೆಯ ಇಂಡಿಕೇಟರ್ ವಿಪರೀತ ವೇಗವಾಗಿ ಮಿನುಗುತ್ತಿದೆ ಎಂದರು. ಅದು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಬಲ್ಬ್ ಸುಟ್ಟರೆ, ದೀಪವನ್ನು ಮಿನುಗಿಸುವ ಫ್ಲ್ಯಾಷರ್ ಮೇಲಿನ ಲೋಡ್ ಇಳಿದು ಟಿಕ್ ಟಿಕ್ ಸದ್ದು ಅವಸರದ್ದಾಗುತ್ತದೆ. ನಾನು ಹಿಂದಿನ 21 ವ್ಯಾಟ್ ಬಲ್ಬ್ ಬದಲಿಸಿದೆ, ಸದ್ದು ಸರಿಹೋಯಿತು, ಗಾಡಿ ಹೊರಟಿತು.

ನಾಲ್ಕನೆಯ ದಿನ ಅದೇ ಲಾರಿ ಮುಂದಿನ ಬಂಪರ್‌ನ ಬಲಮೂಲೆ ನಜ್ಜುಗುಜ್ಜಾಗಿ ಮರಳಿತು. ಮುಸ್ಸಂಜೆಯಲ್ಲಿ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ, ಬಲಕ್ಕಿದ್ದ ಪೆಟ್ರೋಲ್ ಬಂಕಿಗೆ ತಿರುಗಲೆಂದು ಅವರು ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದ್ದರು. ಹಿಂದಿದ್ದ ಕಾರಿನವರು ಅದನ್ನು ‘ಎದುರಿಗೆ ಯಾರೂ ಇಲ್ಲ, ಮುಂದೆ ಹೋಗಿ’ ಎಂಬ ಸೂಚನೆಯೆಂದು ತಿಳಿದು ಬಲಗಡೆಯಿಂದ ನುಗ್ಗಿದ್ದರು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಕಾರಿನವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಲಾರಿಯ ಬಲ ಇಂಡಿಕೇಟರ್‌ಗೆ ‘ತಿರುಗುತ್ತಿದ್ದೇನೆ’ ಎಂಬ ಅರ್ಥವೂ ‘ದಾಟಿಕೊಳ್ಳಿ’ ಎಂಬ ಅರ್ಥವೂ ಬಹಳ ಕಾಲದಿಂದ ರೂಢಿಯಲ್ಲಿವೆ. ಇವೆರಡರಲ್ಲಿ ಯಾವುದು ಎಂದು ಹಿಂದಿನವರಿಗೆ ಖಾತ್ರಿಪಡಿಸುವುದು ಜೊತೆಯಲ್ಲೇ ಹೊತ್ತುವ ಬ್ರೇಕ್ ಲೈಟ್. ಅದು ಆ ಸಂಜೆ ಸರಿಯಾಗಿ ಹೊತ್ತಿರಲಿಲ್ಲ.

ಪಾರ್ಕಿಂಗ್ ಲೈಟ್ ಹಾಕಿಸಿ, ಬ್ರೇಕ್ ಒತ್ತಿಸಿ, ಹಿಂದೆ ನಿಂತು ನೋಡಿದೆ. ಕೆಂಪು ದೀಪ ಪ್ರಖರವಾಗುವ ಬದಲು ಮಂಕಾಗಿಯೇ ಉಳಿಯಿತು, ಪಕ್ಕದ ಹಳದಿ ಇಂಡಿಕೇಟರ್ ಮಾತ್ರ ಸಣ್ಣಗೆ ಮಿಣುಕಿತು. ಎರಡೂ ಬದಿಯ ದೀಪಗಳಿಗೆ ಸೇರಿದ ಒಂದೇ ಅರ್ತ್ ವೈರ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ವೈರ್, ಗಾಡಿಯ ಚೌಕಟ್ಟಾದ ಚಾಸಿಗೆ ಕೂಡುವ ಬೋಲ್ಟ್ ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಇಂಡಿಕೇಟರ್ ಒಂದಕ್ಕೆ ಸಾಲುವಷ್ಟು ಕರೆಂಟ್ ಅದರಲ್ಲಿ ಹೇಗೋ ಹರಿಯುತ್ತಿತ್ತು. ಬ್ರೇಕ್ ಲೈಟಿನ ಭಾರವೂ ಸೇರಿದಾಗ ತಾಳದೆ, ಕರೆಂಟ್ ಇಂಡಿಕೇಟರ್ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಮಾಡಿಕೊಳ್ಳುತ್ತಿತ್ತು. ವೇಗದ ಮಿನುಗಿಗೂ ಅದೇ ಕಾರಣ. ನಾನು ಕೈಹಾಕಿದಾಗ ವೈರು ಅಲುಗಿ, ತಾತ್ಕಾಲಿಕವಾಗಿ ಹಿಡಿದುಕೊಂಡಿತ್ತಷ್ಟೆ. ಅಂದು ತೆಗೆದ ಬಲ್ಬನ್ನು ಬೆಳಕಿಗೆ ಹಿಡಿದಿದ್ದರೆ ಅದರ ಫಿಲಮೆಂಟ್ ಸುಟ್ಟಿಲ್ಲವೆಂದು ಕಣ್ಣಿಗೇ ಕಾಣುತ್ತಿತ್ತು. ಆ ತಪ್ಪು ನನ್ನದು, ಅದು ಇಂದಿಗೂ ಮನಸ್ಸನ್ನು ಕೊರೆಯುತ್ತದೆ.

ಎಲ್ಇಡಿ ಬಲ್ಬ್ ಹಾಕಿಸಿ, ಮಿನುಗು ವೇಗವಾಯಿತೆಂದು ಲೋಡ್ ಗುರುತಿಸದ ಫ್ಲ್ಯಾಷರ್ ಕೂರಿಸಿಕೊಳ್ಳುವವರು ಈಗ ಹೆಚ್ಚಾಗಿದ್ದಾರೆ. ಅಂಥ ಗಾಡಿಯಲ್ಲಿ ಹಿಂದಿನ ದೀಪ ಸತ್ತರೂ ಚಾಲಕರಿಗೆ ಸದ್ದಿನಿಂದ ತಿಳಿಯುವುದಿಲ್ಲವಾದ್ದರಿಂದ, ದಿನಕ್ಕೊಮ್ಮೆ ಕ್ಲೀನರನ್ನು ಹಿಂದೆ ನಿಲ್ಲಿಸಿ ನೋಡಿಸಿರೆಂದು ಕೇಳಿಕೊಳ್ಳುತ್ತೇನೆ. ದಾರಿ ಬಿಡಲು ಇಂಡಿಕೇಟರ್ ಬಳಸಬೇಡಿರೆಂದೂ ಹೇಳುತ್ತೇನೆ. ಹಳೆಯ ಚಾಲಕರು ಸುಲಭಕ್ಕೆ ಒಪ್ಪುವುದಿಲ್ಲ. ಅರ್ತ್ ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಿಂದ ಉಜ್ಜಿ, ಗ್ರೀಸ್ ಹಚ್ಚಿ ಬಿಗಿಯಲು ಹತ್ತು ನಿಮಿಷ ಬೇಕು. ಅವಸರವಿದೆ ಎನ್ನುವವರನ್ನೂ ಕೂರಿಸಿಕೊಂಡೇ ಅದನ್ನು ಮಾಡಿ ಕಳಿಸುತ್ತೇನೆ.