ಫಾರಿನ್ ಓದಿಗೆ ಹೊರಡುವ ಮುಂಚೆ ಮನೆಯ ಆಸ್ತಿ ಕಾಗದ ನೋಡಿ

ದಾವಣಗೆರೆಯ ಬ್ಯಾಂಕೊಂದರಲ್ಲಿ ಶಿಕ್ಷಣ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಮುಂಚೆ ಬರುತ್ತಿದ್ದ ಹುಡುಗರ ಬಾಯಲ್ಲಿ ಕೆನಡಾ ಹೆಸರೇ ಜಾಸ್ತಿ ಇತ್ತು. ಈಗ ಜರ್ಮನಿ. ಕೆನಡಾ 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕಿತು, ಅದೇ ನವೆಂಬರ್‌ನಲ್ಲಿ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ದಾರಿಯನ್ನೂ ಮುಚ್ಚಿತು. ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾ ಫೀಸ್ 710 ಆಸ್ಟ್ರೇಲಿಯನ್ ಡಾಲರ್ ಇದ್ದದ್ದು 2025ರ ಜುಲೈಗೆ 2,000 ಆಯಿತು. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಟ್ಯೂಷನ್ ಫೀಸೇ ಇಲ್ಲ. ಮಕ್ಕಳು ಆ ಕಡೆ ತಿರುಗೋದು ಸಹಜ ಅಲ್ವಾ.

ಆದರೆ ಫೀಸ್ ಇಲ್ಲ ಅಂದಮಾತ್ರಕ್ಕೆ ದುಡ್ಡು ಬೇಡ ಅಂತಲ್ಲ. ಒಂದು ವರ್ಷದ ಖರ್ಚಿಗೆ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಮಾತ್ರ ತೆಗೆಯಬಹುದಾದ ಖಾತೆಯಲ್ಲಿ, ಮೊದಲೇ ಇಡಬೇಕು. ಸುಮಾರು 12 ಲಕ್ಷ ರೂಪಾಯಿ. ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತೇವೆ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಚನ್ನಗಿರಿ ಕಡೆಯಿಂದ ಅಪ್ಪ, ಮಗ ಬಂದಿದ್ದರು. ಮಗನ ಫೈಲ್‌ನಲ್ಲಿ ಅಡ್ಮಿಷನ್ ಲೆಟರ್, ಜರ್ಮನಿ ವೀಸಾಗೆ ಬೇಕಾದ ಅಂಕಪಟ್ಟಿ ಪರಿಶೀಲನೆಯ ಎಪಿಎಸ್ ಸರ್ಟಿಫಿಕೇಟ್ ಎಲ್ಲ ನೀಟಾಗಿತ್ತು. ಅಪ್ಪ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಟೇಬಲ್ ಮೇಲಿಟ್ಟು, "ನಾಕೆಕರೆ ಅಡಿಕೆ ತೋಟ ಐತೆ ಮೇಡಂ, ಇದಕ್ಕಿಂತ ಗ್ಯಾರಂಟಿ ಏನ್ ಬೇಕ್ರಿ?" ಅಂದರು. ಅವರ ಮಾತಲ್ಲಿ ಸುಳ್ಳಿಲ್ಲ. ಆದರೆ ಸಾಲ ಕಟ್ಟದಿದ್ದಾಗ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕ್ ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ, ಅದಕ್ಕೇ ಈ ಸಾಲಕ್ಕೆ ತೋಟವನ್ನು ಬ್ಯಾಂಕ್‌ನವರು ಸಾಮಾನ್ಯವಾಗಿ ಒಪ್ಪಲ್ಲ. ಕೋಟಿ ಬಾಳುವ ತೋಟ ಇಟ್ಟುಕೊಂಡವರಿಗೆ ಆಗಲ್ಲ ಅನ್ನೋದು ನನಗೂ ಸಂಕಟವೇ. ಕೊನೆಗೆ ಹುಡುಗನ ಸೋದರಮಾವ ವಿದ್ಯಾನಗರದ ತಮ್ಮ ಸೈಟ್ ಕೊಟ್ಟು ಜಾಮೀನು ನಿಂತರು. ಆ ಸೈಟಿಗೆ ಇ-ಖಾತೆ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಆಗಿರಲಿಲ್ಲ. ಪಾಲಿಕೆಗೆ ಅಲೆದು, ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಇಸಿ ತೆಗೆಸಿ, ವಕೀಲರ ರಿಪೋರ್ಟ್ ಕೈಗೆ ಬರೋ ಹೊತ್ತಿಗೆ ವೀಸಾ ಸ್ಲಾಟ್ ತಪ್ಪಿ, ಹುಡುಗ ಒಂದು ಸೆಮಿಸ್ಟರ್ ಸುಮ್ನೆ ಮನೆಯಲ್ಲಿ ಕೂರಬೇಕಾಯಿತು.

ಅಂದಿನಿಂದ ನಾನು ಯೂನಿವರ್ಸಿಟಿ ಯಾವುದು ಅಂತ ಕೇಳೋಕೆ ಮುಂಚೆ ಸೈಟ್ ಅಥವಾ ಮನೆ ಯಾರ ಹೆಸರಲ್ಲಿದೆ, ಇ-ಖಾತೆ ಆಗಿದೆಯಾ ಅಂತ ಕೇಳುತ್ತೇನೆ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿರುವವರು ಈ ಕೆಲಸ ಈಗಲೇ ಶುರು ಮಾಡಿ, ಅಡ್ಮಿಷನ್ ಬರಲಿ ಅಂತ ಕಾಯಬೇಡಿ.

ಇನ್ನೊಂದು ಮಾತು. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಇರಲ್ಲ, ಆದರೆ ಬಡ್ಡಿ ಹಣ ಬಿಡುಗಡೆಯಾದ ದಿನದಿಂದಲೇ ಬೆಳೆಯುತ್ತೆ. ಸೈಟ್ ಕೊಡುವ ಮಾವನಿಗೂ ಇದನ್ನು ಬಿಡಿಸಿ ಹೇಳಿ, ಸಹಿ ಅವರದ್ದೂ ಇರುತ್ತೆ.