ಸೈಡ್ ಮಿರರ್ ಕವರ್‌ಗೆ ವಿನೈಲ್: ಅಂಚು ಏಳದಂತೆ ಸುತ್ತುವುದು ಹೇಗೆ

ಕಾರಿನ ಮೈಗೆ ಮನೆಯಲ್ಲೇ ಸುತ್ತಿದ ವಿನೈಲ್, ಅಂದರೆ ಹಿಂಬದಿ ಅಂಟಿರುವ ತೆಳು ಪ್ಲಾಸ್ಟಿಕ್ ಫಿಲ್ಮ್, ಕೆಡುವುದು ಮೊದಲು ಅಂಚಿನಲ್ಲಿ. ನಡುಭಾಗ ಫಳಫಳ ಹೊಳೆಯುತ್ತಲೇ ಇರುತ್ತದೆ. ಎರಡು ವಾರದಲ್ಲಿ ತುದಿ ಮೆಲ್ಲಗೆ ಏಳುತ್ತದೆ, ಸಂದಿಗೆ ಧೂಳು ಸೇರಿ ಕಪ್ಪು ಗೆರೆ ಮೂಡುತ್ತದೆ. ಎಲ್ಲರೂ ಅಂಟನ್ನು ಬೈಯುತ್ತಾರೆ, ಆದರೆ ಅಂಟಿನ ತಪ್ಪು ಕಡಿಮೆ. ಹೆಚ್ಚಿನ ಸಲ ಕಾರಣ ಎರಡೇ: ಅಂಚಿನ ಒಳಮೈಯನ್ನು ಸರಿಯಾಗಿ ಒರೆಸಿರುವುದಿಲ್ಲ, ಇಲ್ಲವೇ ಫಿಲ್ಮ್ ಸಾಲದೆ ಬಂದಾಗ ಜಗ್ಗಿ ತಂದು ಅಂಚಿಗೆ ಕೂರಿಸಿರುತ್ತಾರೆ. ಜಗ್ಗಿದ ವಿನೈಲ್ ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತಲೇ ಇರುತ್ತದೆ. ಬಿಸಿಲು ಬಿದ್ದಷ್ಟೂ ಆ ಎಳೆತ ಕೆಲಸ ಮಾಡುತ್ತದೆ.

ಮಿರರ್ ಕವರ್, ಅಂದರೆ ಸೈಡ್ ಮಿರರ್‌ನ ಹೊರಚಿಪ್ಪು, ಅಂಗೈಯಗಲದ ವಸ್ತುವಾದರೂ ಎಲ್ಲ ದಿಕ್ಕಿಗೂ ಬಾಗಿರುತ್ತದೆ. ಹಾಗಾಗಿ ಇದು ಬಾನೆಟ್‌ಗಿಂತ ಕಷ್ಟ. ಕೈ ಪಳಗಲು ಮೊದಲು ಬಾಗಿಲುಗಳ ನಡುವಿನ ಚಪ್ಪಟೆ ಬಿ-ಪಿಲ್ಲರ್ ಪಟ್ಟಿಯ ಮೇಲೆ ಹಾಕಿ ನೋಡಿ, ಆಮೇಲೆ ಇದಕ್ಕೆ ಬನ್ನಿ.

ಫಿಲ್ಮ್ ವಿಷಯದಲ್ಲಿ ಜಿಪುಣತನ ಬೇಡ. ವಿನೈಲ್‌ನಲ್ಲಿ ಎರಡು ಜಾತಿ: ಕಾಸ್ಟ್ ಮತ್ತು ಕ್ಯಾಲೆಂಡರ್ಡ್. ಕ್ಯಾಲೆಂಡರ್ಡ್ ಫಿಲ್ಮನ್ನು ರೋಲರ್‌ಗಳ ನಡುವೆ ಒತ್ತಿ, ಎಳೆದು ತಯಾರಿಸುತ್ತಾರೆ. ಆ ಬಿಗಿತ ಅದರೊಳಗೇ ಉಳಿದಿರುತ್ತದೆ, ಬಿಸಿ ತಾಗಿದರೆ ಕುಗ್ಗುತ್ತದೆ. ಅಂಗಡಿ ಬೋರ್ಡಿಗೆ, ಚಪ್ಪಟೆ ಸ್ಟಿಕ್ಕರ್‌ಗೆ ಅದು ಸಾಕು. ಕಾಸ್ಟ್ ಫಿಲ್ಮನ್ನು ದ್ರವರೂಪದಲ್ಲಿ ಹರಡಿ ಒಣಗಿಸುವುದರಿಂದ ಅದರಲ್ಲಿ ಅಂಥ ಬಿಗಿತವಿಲ್ಲ. ತೆಳುವಾಗಿರುವುದರಿಂದ ತಿರುವಿಗೆ ಚೆನ್ನಾಗಿ ಒಗ್ಗುತ್ತದೆ. 3ಎಂ 2080, ಏವರಿ ಡೆನಿಸನ್ ಎಸ್‌ಡಬ್ಲ್ಯು900 ಎರಡೂ ಕಾಸ್ಟ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ಬರೀ ಹೊಳಪು ನೋಡಬೇಡಿ. ಹಿಂದಿನ ಕಾಗದದ ಮೇಲೆ ಅಚ್ಚಾದ ಹೆಸರು, ಸರಣಿ ಓದಿ.

ರೋಲ್‌ನ ಅಗಲ ಸಾಮಾನ್ಯವಾಗಿ 1.52 ಮೀಟರ್. ಒಂದು ಮೀಟರ್ ಉದ್ದ ಕತ್ತರಿಸಿ ತಂದರೆ 45×35 ಸೆಂ.ಮೀ.ನ ಎಂಟು ತುಂಡು ಸಿಗುತ್ತವೆ. ಎರಡು ಕವರ್‌ಗೆ ಎರಡು, ಕೆಟ್ಟರೆ ಇನ್ನೆರಡು, ಉಳಿದದ್ದರಲ್ಲಿ ಬಾಗಿಲ ಹಿಡಿ. ಮೆಟಾಲಿಕ್ ಅಥವಾ ಬ್ರಷ್ಡ್ ಫಿಲ್ಮ್ ಆದರೆ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿ, ಹಿಂದೆ ಬಾಣದ ಗುರುತು ಹಾಕಿ. ಇಲ್ಲವಾದರೆ ಎಡಗಡೆಯದು ಒಂದು ಬಣ್ಣ, ಬಲಗಡೆಯದು ಇನ್ನೊಂದು ಬಣ್ಣದಂತೆ ಕಾಣುತ್ತದೆ. ಇದರ ಜೊತೆಗೆ ಬಿಸಿಗಾಳಿ ಊದುವ ಹೀಟ್ ಗನ್, ಅಂಚಿಗೆ ಫೆಲ್ಟ್ ಬಟ್ಟೆ ಇರುವ ಸ್ಕ್ವೀಜಿ (ಫಿಲ್ಮನ್ನು ಒತ್ತಿ ಕೂರಿಸುವ ಪಟ್ಟಿ), ತುದಿ ಮುರಿಯುವ ಬ್ಲೇಡ್ ಚಾಕು, ಲೇಸರ್ ಥರ್ಮಾಮೀಟರ್, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಥರ್ಮಾಮೀಟರನ್ನು ಕೈಬಿಡುವವರೇ ಹೆಚ್ಚು. ಅದು ಯಾಕೆ ಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಸಾಧ್ಯವಾದರೆ ಕವರ್ ಬಿಚ್ಚಿಯೇ ಮಾಡಿ. ಎಷ್ಟೋ ಕಾರುಗಳಲ್ಲಿ ಮೊದಲು ಗಾಜನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ತೆಗೆಯಬೇಕು, ಆಗ ಒಳಗಿನ ಕ್ಲಿಪ್‌ಗಳು ಕೈಗೆ ಸಿಗುತ್ತವೆ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಗಾಜು ಒಡೆಯುತ್ತದೆ. ಗಾಜಿನ ಹಿಂದೆ ಹೀಟರ್ ತಂತಿ, ಕವರ್‌ನಲ್ಲಿ ಇಂಡಿಕೇಟರ್ ತಂತಿ ಇದ್ದರೆ ಕನೆಕ್ಟರ್ ಬಿಡಿಸಿಯೇ ಎಳೆಯಿರಿ.

ಇನ್ನು ತೊಳೆಯುವುದು. ಅರ್ಧ ಕೆಲಸ ಇದೇ. ಶಾಂಪೂ ಹಾಕಿ ತೊಳೆದು ಒಣಗಿಸಿ, ಬೆರಳಾಡಿಸಿ ನೋಡಿ. ತರಿತರಿ ಅನ್ನಿಸಿದರೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಉಂಡೆ) ಉಜ್ಜಿ. ಆಮೇಲೆ ಆಲ್ಕೋಹಾಲ್ 70 ಭಾಗ, ನೀರು 30 ಭಾಗ ಸೇರಿಸಿ ಒರೆಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ, ಅದು ಆರುವ ಮೊದಲೇ, ಇನ್ನೊಂದು ಒಣಬಟ್ಟೆಯಿಂದ ಎತ್ತಿಬಿಡಬೇಕು. ತಾನಾಗಿಯೇ ಆರಲು ಬಿಟ್ಟರೆ ಕರಗಿದ ಮೇಣ, ಸಿಲಿಕೋನ್ ಅಲ್ಲೇ ಮತ್ತೆ ಕೂರುತ್ತವೆ. ಕವರ್‌ನ ಅಂಚು ಒಳಕ್ಕೆ ಮಡಿಚಿಕೊಂಡಿರುವ ಆ ಒಂದು ಸೆಂಟಿಮೀಟರ್ ಇದೆಯಲ್ಲ, ಹಳೆಯ ಪಾಲಿಶ್ ಪೂರ್ತಿ ಬಂದು ಕೂತಿರುವುದು ಅಲ್ಲೇ. ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿ ಆ ಜಾಗವನ್ನು ಮೂರು ಸಲ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಬಿಡಿ.

ಬಣ್ಣ ಹಚ್ಚದ, ತರಿಯಿರುವ ಕಪ್ಪು ಪ್ಲಾಸ್ಟಿಕ್ ಕವರ್ ಆದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅಂಟು ಹಿಡಿಯುವುದಿಲ್ಲ. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ್ದರೆ ಕನಿಷ್ಠ ಒಂದು ತಿಂಗಳು ಕಾಯಿರಿ. ಪೇಂಟ್‌ನೊಳಗಿನ ದ್ರಾವಕ ಹೊರಬರುತ್ತಿದ್ದರೆ ಫಿಲ್ಮ್ ಕೆಳಗೆ ಗುಳ್ಳೆ ಏಳುತ್ತವೆ, ಮುಂದೊಂದು ದಿನ ಫಿಲ್ಮ್ ಕೀಳುವಾಗ ಪೇಂಟೂ ಅದರೊಂದಿಗೆ ಬರುತ್ತದೆ.

ಜಾಗ ನೆರಳಿನಲ್ಲಿರಲಿ, 20ರಿಂದ 30 ಡಿಗ್ರಿ ಹಿತ. ಫ್ಯಾನ್ ಬೇಡ. ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಹಿಂದಿನ ಕಾಗದ ಕಿತ್ತ ಕೂಡಲೇ ಸ್ಥಿರವಿದ್ಯುತ್ತಿಗೆ ಧೂಳೆಲ್ಲ ಅಂಟಿನ ಕಡೆಗೇ ಹಾರಿ ಬರುತ್ತದೆ. ಮುಂಜಾನೆ ಅಂಗಳಕ್ಕೆ ನೀರು ಚಿಮುಕಿಸುವಂತೆ ನೆಲಕ್ಕೆ ಚಿಮುಕಿಸಿದರೆ ಬಹಳಷ್ಟು ತಗ್ಗುತ್ತದೆ. ಗಾಜಿನ ಫಿಲ್ಮ್ ಹಾಕಿ ರೂಢಿಯಿದ್ದವರು ಇಲ್ಲೂ ಸೋಪಿನ ನೀರು ಸಿಂಪಡಿಸುತ್ತಾರೆ. ಗಾಳಿ ಹೊರಹೋಗುವ ಸಣ್ಣ ಕಾಲುವೆಗಳಿರುವ ರ‍್ಯಾಪ್ ಫಿಲ್ಮ್‌ಗೆ ಅದು ಸಲ್ಲದು. ನೀರು ಆ ಕಾಲುವೆಗಳಲ್ಲೇ ಸಿಕ್ಕಿಕೊಂಡು ಅಂಟು ಕಚ್ಚುವುದಿಲ್ಲ.

ಕವರನ್ನು ಒಂದು ಡಬ್ಬದ ಮೇಲೆ ಅಲುಗಾಡದಂತೆ ಕೂರಿಸಿ. ಕಾಗದ ಪೂರ್ತಿ ಕಿತ್ತು, ಇಬ್ಬರು ನಾಲ್ಕು ಮೂಲೆ ಹಿಡಿದು ಕವರ್‌ಗಿಂತ ಒಂದು ಗೇಣು ಮೇಲೆ ಎತ್ತಿ. ಹೀಟ್ ಗನ್ ಆಡಿಸುತ್ತಾ 40–50 ಡಿಗ್ರಿಗೆ ತನ್ನಿ. ಫಿಲ್ಮ್ ಮೆತ್ತಗಾಗಿ ಜೋಲುವುದು ಕಣ್ಣಿಗೇ ಕಾಣುತ್ತದೆ. ಆಗ ನಾಲ್ಕೂ ಕಡೆಗೆ ಸಮವಾಗಿ ಎಳೆದು ಕವರ್‌ನ ಉಬ್ಬಿನ ಮೇಲೆ ಇಳಿಸಿ. ಎಳೆಯುವುದೇನಿದ್ದರೂ ಇಲ್ಲೇ, ಈ ಅಗಲವಾದ ನಡುಭಾಗದಲ್ಲೇ ಮುಗಿಯಬೇಕು, ಅದೂ ಹತ್ತು ಹದಿನೈದು ಶೇಕಡಾ ಮೀರದಂತೆ. ನಡುವಿನಿಂದ ಹೊರಕ್ಕೆ, ಹಿಂದಿನ ಗೆರೆಯ ಅರ್ಧ ಮುಚ್ಚುವಂತೆ ಸ್ಕ್ವೀಜಿ ಎಳೆಯಿರಿ.

ಅಂಚಿನ ಹತ್ತಿರ ಬೆರಳುಗಳಂಥ ಸುಕ್ಕುಗಳು ನಿಲ್ಲುತ್ತವೆ. ಹೆದರಬೇಡಿ, ಅವುಗಳ ಮೇಲೆ ಸ್ಕ್ವೀಜಿಯನ್ನಂತೂ ಓಡಿಸಲೇಬೇಡಿ. ಒಮ್ಮೆ ಒತ್ತಿ ಮಡಿಸಿದ ಸುಕ್ಕಿನ ಗೆರೆ ಹೋಗುವುದಿಲ್ಲ. ಆ ಭಾಗವನ್ನು ಮೆಲ್ಲಗೆ ಎತ್ತಿ, ಕೈಯಲ್ಲಿ ಎಳೆಯದೆ ಬರೀ ಬಿಸಿ ತೋರಿಸಿ. ಫಿಲ್ಮ್ ತಾನಾಗಿ ಕುಗ್ಗಿ ಸುಕ್ಕು ಕಣ್ಣೆದುರೇ ಮಾಯವಾಗಿ ಮೈ ಮತ್ತೆ ನುಣುಪಾಗುತ್ತದೆ. ತಣಿಯಲು ಒಂದು ಕ್ಷಣ ಬಿಟ್ಟು, ಬೆರಳಿಂದ ಒತ್ತುತ್ತಾ ಮಲಗಿಸಿ. ಅಂಚಿನ ಕೊನೆಯ ಎರಡು ಸೆಂಟಿಮೀಟರ್ ಹೀಗೆ ಬಿಗಿತವಿಲ್ಲದೆ ಕೂರಬೇಕು. ಕೆಳಮೂಲೆಯಲ್ಲಿ ಫಿಲ್ಮ್ ಸಾಲುತ್ತಿಲ್ಲ ಅನಿಸಿದರೆ ಅಲ್ಲಿಂದ ಜಗ್ಗಬೇಡಿ, ನಡುವಿನವರೆಗೂ ಎತ್ತಿ ಮತ್ತೆ ಇಳಿಸಿ. ಅಂಟಿನ ಹಿಡಿತ ಹೆಚ್ಚಿಸುವ ದ್ರವವಾದ ಪ್ರೈಮರ್ 94 ಹಚ್ಚಿ ಹಿಡಿಸಿಬಿಡುವ ಆಸೆ ಬರುವುದೂ ಇಲ್ಲೇ. ಎಳೆತವನ್ನು ಪ್ರೈಮರ್ ಮರೆಮಾಚುತ್ತದೆ ಅಷ್ಟೇ, ತೆಗೆಯುವುದಿಲ್ಲ. ಮುಂದೆ ಕೀಳುವಾಗ ಅದರ ಅಂಟು ಅಲ್ಲೇ ಉಳಿದು ಕಾಟ ಕೊಡುತ್ತದೆ.

ಸಣ್ಣ ಗಾಳಿಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಒತ್ತಬಹುದು. ಧೂಳಿನ ಕಣವಾದರೆ ಫಿಲ್ಮ್ ಎತ್ತಿ ಚಿಮಟದಿಂದ ತೆಗೆಯುವುದೊಂದೇ ದಾರಿ.

ಕತ್ತರಿಸುವಾಗ ಒಳಕ್ಕೆ ಮಡಚಲು 5–6 ಮಿ.ಮೀ. ಬಿಟ್ಟು, ಕವರ್‌ನ ಹಿಂಬದಿಯಲ್ಲಿ ಹೊಸ ಬ್ಲೇಡ್ ತುದಿಯಿಂದ ಕೊಯ್ಯಿರಿ. ಇಂಡಿಕೇಟರ್ ದೀಪದ ಜಾಗವನ್ನು ಪೂರ್ತಿ ಬಿಡಿಸಿ.

ಈಗ ಥರ್ಮಾಮೀಟರ್. ಅಂಚುಗಳನ್ನೂ ತಗ್ಗುಗಳನ್ನೂ ಮತ್ತೊಮ್ಮೆ ಕಾಯಿಸಿದರೆ ಫಿಲ್ಮ್ ತನ್ನ ಹಳೆಯ ಅಳತೆಯ ನೆನಪನ್ನು ಬಿಡುತ್ತದೆ. ಹಲವು ಕಾಸ್ಟ್ ಫಿಲ್ಮ್‌ಗಳಿಗೆ ಇದು 90ರಿಂದ 110 ಡಿಗ್ರಿ. ನಿಮ್ಮ ಫಿಲ್ಮ್‌ನ ಡೇಟಾ ಶೀಟಿನಲ್ಲಿ ಕೊಟ್ಟಿರುವ ಅಂಕಿಯನ್ನೇ ಹಿಡಿಯಿರಿ. ಬರೀ ಕಣ್ಣಂದಾಜಿಗೆ 60–70 ಡಿಗ್ರಿಗೇ ‘ಸಾಕಷ್ಟು ಬಿಸಿಯಾಯಿತು’ ಅನಿಸುತ್ತದೆ, ಆ ಬಿಸಿಗೆ ನೆನಪು ಹೋಗದು. ಆದರೆ ಬಿಚ್ಚಿದ ಕವರ್ ತೆಳು ಪ್ಲಾಸ್ಟಿಕ್. ಗನ್ ಒಂದೇ ಕಡೆ ನಿಂತರೆ ಅದೂ ಸೊಟ್ಟಗಾಗಿ ಕ್ಲಿಪ್ ಕೂರುವುದಿಲ್ಲ. ಗನ್ ಆಡಿಸುತ್ತಲೇ ಇರಿ, ಅಳತೆ ತಲುಪಿದ ಕೂಡಲೇ ಮುಂದಕ್ಕೆ ಸಾಗಿ, ಹಿಂದೆಯೇ ಬಟ್ಟೆ ಸುತ್ತಿದ ಬೆರಳಿಂದ ಒತ್ತುತ್ತಾ ಬನ್ನಿ.

ಒಂದು ರಾತ್ರಿ ಬಿಟ್ಟು ಜೋಡಿಸಿ. ಮೂರು ದಿನ ನೀರು ಬೇಡ, ಆಮೇಲೂ ಪ್ರೆಷರ್ ವಾಷರ್ ಮೂತಿಯನ್ನು ಅಂಚಿಗೆ ನೇರವಾಗಿ ಹಿಡಿಯಬೇಡಿ. ವಾರದ ನಂತರ ಕವರ್‌ನ ಕೆಳಅಂಚಿಗೆ ಉಗುರು ಆಡಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಧೂಳು ಸೇರುವ ಮೊದಲೇ ಆಲ್ಕೋಹಾಲ್‌ನಿಂದ ಒರೆಸಿ, ಕಾಯಿಸಿ, ಒತ್ತಿಬಿಡಿ. ಈ ಹಂತದಲ್ಲಿ ಐದು ನಿಮಿಷದ ಕೆಲಸ. ಕಪ್ಪು ಗೆರೆ ಮೂಡಿದ ಮೇಲೆ ಹೊಸ ತುಂಡೇ ಬೇಕು.

ಹೀಗೆ ಕೈ ಕುದುರಿದವರು ಇಡೀ ಕಾರಿಗೇ ಬೇರೆ ಬಣ್ಣ ಸುತ್ತಲು ಹೊರಟರೆ, ಫಿಲ್ಮ್ ಕೊಳ್ಳುವ ಮೊದಲು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿಕೊಳ್ಳುವ ಬಗ್ಗೆ ವಿಚಾರಿಸಿ.